ಹೆಸರಿಗಾಗಿ ನಡೆದ ವ್ಯಾಜ್ಯ

ಮನೆ ಕಟ್ಟಿಸಲು ಹೊರಟವರು ಮೇಸ್ತ್ರಿಯನ್ನು ಕರೆಯುವುದೋ, ಇಂಜಿನಿಯರನ್ನು ಕರೆಯುವುದೋ, ಆರ್ಕಿಟೆಕ್ಟನ ಬಳಿಗೆ ಹೋಗುವುದೋ ಎಂದು ತೊಳಲಾಡುವುದುಂಟು. ಈ ಕೊನೆಯವನ ಹೆಸರಿನ ಹಿಂದೆ ಎಷ್ಟು ದೀರ್ಘವಾದ ಜಗಳವಿದೆಯೆಂಬುದನ್ನು ಬಲ್ಲವರು ಕಡಮೆ.

ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಯಾರು ಬೇಕಾದರೂ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದಾಗಿತ್ತು. ನಕ್ಷೆ ಬರೆದವನೇ ಕಟ್ಟುವ ವ್ಯಾಪಾರದಲ್ಲಿ ಪಾಲುಗಾರನೂ ಆಗಿರುತ್ತಿದ್ದುದುಂಟು. ಆಗಿರುವ ಕೆಲಸವನ್ನು ಅಳೆದು ಬೆಲೆ ಕಟ್ಟುವವನೂ ಅವನೇ. ಹಣ ತೆರುವ ಯಜಮಾನನ ಪರವಾಗಿ ನಿಲ್ಲುವವರಾರು? 1834ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬ್ರಿಟಿಷ್ ಆರ್ಕಿಟೆಕ್ಟರ ಸಂಸ್ಥೆಯು ಮೊದಲು ಕೈಹಾಕಿದುದು ಈ ಗಂಟಿಗೇ. ಕಟ್ಟಡದ ವ್ಯಾಪಾರದಲ್ಲಿ ಲಾಭದ ಪಾಲುಳ್ಳವರಿಗೆ, ಕಂಟ್ರಾಕ್ಟರರ ಪರವಾಗಿ ಅಳತೆ ಮಾಡುವವರಿಗೆ ಅಲ್ಲಿ ಸದಸ್ಯತ್ವವಿರಲಿಲ್ಲ. 1837ರಲ್ಲಿ ಅರಸನ ಸನ್ನದೂ ದೊರೆಯಿತು. ಮೊದಲ ಅಧ್ಯಕ್ಷ ಅರ್ಲ್ ಡಿ ಗ್ರೇ ಮಾತ್ರ ವೃತ್ತಿಯವನಲ್ಲ, ಸಿರಿವಂತ ಪ್ರಭು. ದೊಡ್ಡವರ ನೆರಳಿಲ್ಲದೆ ಅಂದು ಸಂಘಗಳು ಚಿಗುರುತ್ತಿರಲಿಲ್ಲವೇನೋ!

ಆದರೆ ಸಂಸ್ಥೆಯ ನಿಯಮ ಸದಸ್ಯರಿಗಷ್ಟೆ. ಹೊರಗಿದ್ದವರಿಗೆ ಅಂಕೆಯೆಲ್ಲಿ? ಪರೀಕ್ಷೆ ಕೊಟ್ಟು ನೋಂದಾಯಿಸಿಕೊಂಡವರಿಗೇ ಈ ಹೆಸರು ಸಲ್ಲಬೇಕೆಂದು 1884ರಲ್ಲಿ ಹುಟ್ಟಿದ ಮತ್ತೊಂದು ಸಂಘ ಹಟ ಹಿಡಿಯಿತು. 1891ರಲ್ಲಿ ಮಸೂದೆಯ ಮಾತೆದ್ದಾಗ ಎದುರು ನಿಂತವರು ಸಾಮಾನ್ಯರಲ್ಲ. ನಾರ್ಮನ್ ಷಾ, ಟಿ. ಜಿ. ಜಾಕ್ಸನ್ ಮೊದಲಾದ ಹೆಸರಾಂತ ಆರ್ಕಿಟೆಕ್ಟರೇ. ಇದು ವೃತ್ತಿಯೋ ಕಲೆಯೋ ಎಂಬ ಪ್ರಶ್ನೆಯನ್ನೇ ಶಿರೋನಾಮೆಯಾಗಿಟ್ಟು ಅವರಿಬ್ಬರೂ 1892ರಲ್ಲಿ ಪ್ರಬಂಧಗಳ ಸಂಪುಟವೊಂದನ್ನು ಹೊರತಂದರು. ಚರಂಡಿಯ ಇಳಿಜಾರನ್ನು ಪರೀಕ್ಷಿಸಬಹುದು, ಚೆಲುವನ್ನು ಪರೀಕ್ಷಿಸುವುದೆಂತು ಎಂಬುದು ಅವರ ವಾದದ ತಿರುಳು. ಸುಲಭವಾಗಿ ತಳ್ಳಿಹಾಕತಕ್ಕ ವಾದವಲ್ಲ ಅದು. ಹೊಯ್ಸಳ ಗುಡಿಗಳಲ್ಲಿ ತನ್ನ ಹೆಸರು ಕೊರೆದ ನಮ್ಮ ರೂವಾರಿ ಮಲ್ಲಿತಮ್ಮ ಯಾವ ಸರ್ಟಿಫಿಕೇಟು ತೋರಿಸಿದ್ದನು? ಆದರೂ ಕುಸಿದ ಗೋಡೆಯಡಿ ಸಿಕ್ಕಿಕೊಂಡವನಿಗೆ ಕಲೆಯ ಮಾತಿನಿಂದ ಸಮಾಧಾನವಾಗದು.

ಕೊನೆಗೆ ಕಾನೂನು ಬಂದಿತು, ಅದೂ ಕಂತುಕಂತಾಗಿ. 1931ರಲ್ಲಿ ‘ನೋಂದಾಯಿತ ಆರ್ಕಿಟೆಕ್ಟ್’ ಎಂಬ ಹೆಸರಿಗೆ ಮಾತ್ರ ರಕ್ಷಣೆ. ಬರಿಯ ‘ಆರ್ಕಿಟೆಕ್ಟ್’ ಎಂಬುದಕ್ಕೆ 1938ರ ಕಾಯಿದೆ.

ಭಾರತದಲ್ಲಿ ಈ ಕಥೆ ಮೊದಲಾದುದು ಮುಂಬಯಿಯಲ್ಲಿ, ವಿದ್ಯಾರ್ಥಿಗಳಿಂದ. 1917ರಲ್ಲಿ ಅವರು ಕಟ್ಟಿಕೊಂಡ ಸಂಘವೇ 1929ರ ಹೊತ್ತಿಗೆ ‘ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್’ ಆಯಿತು. ಮೊದಲ ಅಧ್ಯಕ್ಷ, ಗೇಟ್‌ವೇ ಆಫ್ ಇಂಡಿಯಾವನ್ನು ರೂಪಿಸಿದ ಜಾರ್ಜ್ ವಿಟೆಟ್. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷ ಕಳೆದ ಮೇಲೆ, 1972ರಲ್ಲಿ, ಪಾರ್ಲಿಮೆಂಟು ಆರ್ಕಿಟೆಕ್ಟರ ಕಾಯಿದೆಯನ್ನು ಮಾಡಿತು. ನೋಂದಣಿಗೆ ಬೇರೆಯೇ ಒಂದು ಕೌನ್ಸಿಲು ಏರ್ಪಟ್ಟಿತು.

ಆ ಕಾಯಿದೆ ಕಾಯುವುದು ಹೆಸರನ್ನೋ ಕೆಲಸವನ್ನೋ? 2020ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿತು. ಹೆಸರನ್ನು ಮಾತ್ರ. ನೋಂದಾಯಿಸದವರು ಕಟ್ಟಡದ ವಿನ್ಯಾಸ ಮಾಡುವುದಕ್ಕೆ ಆ ಕಾಯಿದೆ ಅಡ್ಡಬಾರದು. ‘ಆರ್ಕಿಟೆಕ್ಟ್’ ಎಂಬ ಪದವುಳ್ಳ ಸರಕಾರಿ ಹುದ್ದೆಗೆ ಮಾತ್ರ ಅವರನ್ನು ನೇಮಿಸಕೂಡದು. ಹುದ್ದೆಯ ಹೆಸರನ್ನೇ ಬದಲಿಸಿದರೆ ಅಡ್ಡಿಯಿಲ್ಲ.