ಬಾಳಿನ ಅರ್ಥ, ಮನದ ಸ್ವಾಸ್ಥ್ಯ

ಮನಸ್ಸನ್ನು ಕಾಯುವುದು ಸುಖವೊಂದೇ ಅಲ್ಲ. ಬಾಳಿಗೊಂದು ಅರ್ಥವಿದೆಯೆಂಬ ಅರಿವೂ ಅದನ್ನು ಕಾಯುತ್ತದೆ. ಇದನ್ನು ತಮ್ಮ ಬದುಕಿನಲ್ಲೇ ಕಂಡವರು ಆಸ್ಟ್ರಿಯಾದ ಮನೋವೈದ್ಯ ವಿಕ್ಟರ್ ಫ್ರಾಂಕಲ್ (1905–1997).

ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೇ, 1928ರಲ್ಲಿ, ಅವರು ವಿಯೆನ್ನಾ ನಗರದ ತರುಣರಿಗಾಗಿ ಉಚಿತ ಸಲಹಾ ಕೇಂದ್ರಗಳನ್ನು ಆರಂಭಿಸಿದರು. ಶಾಲೆಯ ಅಂಕಪಟ್ಟಿ ಕೈಸೇರುವ ದಿನಗಳಲ್ಲಿ ಅಲ್ಲಿ ಎಳೆಯ ಜೀವಗಳು ತಾವಾಗಿಯೇ ಪ್ರಾಣ ನೀಗುತ್ತಿದ್ದವು. 1930ರಲ್ಲಿ ಆ ದಿನಗಳಿಗೆಂದೇ ವಿಶೇಷ ಸಲಹೆಯ ಏರ್ಪಾಡಾಯಿತು. ಹಲವು ವರ್ಷಗಳಲ್ಲಿ ಮೊದಲ ಬಾರಿಗೆ ಅಂತಹ ಒಂದು ಸಾವೂ ಸಂಭವಿಸಲಿಲ್ಲವೆಂದು ದಾಖಲಾಗಿದೆ.

ಮುಂದೆ 1942ರಿಂದ 1945ರವರೆಗೆ ನಾಜಿಗಳ ಸೆರೆಶಿಬಿರಗಳಲ್ಲಿ ಬೆಂದರು. ತಂದೆ, ತಾಯಿ, ಸಹೋದರ, ಮಡದಿಯನ್ನು ಕಳೆದುಕೊಂಡರು. ಆದರೂ ಆ ಅರಿವನ್ನು ಬಿಡದೆ, 1946ರಲ್ಲಿ ಅದನ್ನೇ ಗ್ರಂಥವಾಗಿಸಿದರು.

ತನ್ನ ಬಾಳು ಅಂಕಪಟ್ಟಿಗಿಂತ ಹಿರಿದೆಂಬುದನ್ನು ನೊಂದ ಎಳೆಯ ಮನಸ್ಸು ತಾನಾಗಿ ಕಾಣಲಾರದು. ಕಾಣಿಸಲು, ಕಿವಿಗೊಟ್ಟು ಕೇಳುವ ಹಿರಿಯರೊಬ್ಬರು ಬೇಕು.