ಮಾತನಾಡುವ ಕೈಗಳು

ಕ್ರಿಕೆಟ್ ಪಂದ್ಯ ಆರಂಭವಾಗುವ ಮುನ್ನ ಆಟಗಾರರು ಪರಸ್ಪರ ಹೆಗಲ ಮೇಲೆ ಕೈಯಿಟ್ಟು, ತಲೆಬಾಗಿಸಿ, ವರ್ತುಲಾಕಾರವಾಗಿ ನಿಲ್ಲುವುದನ್ನು ನೀವು ನೋಡಿರುತ್ತೀರಿ. ಇಂಗ್ಲಿಷಿನವರು 'ಹಡಲ್' ಎಂದು ಕರೆಯುವ ಈ ವರ್ತುಲದ ಮೂಲವನ್ನು ಅರಸಿ ಹೊರಟರೆ, ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನಲ್ಲಿರುವ ಕಿವುಡ ವಿದ್ಯಾರ್ಥಿಗಳ ಕಾಲೇಜೊಂದರ ಮೈದಾನವನ್ನು ತಲುಪುತ್ತೇವೆ. ಆ ಕಾಲೇಜಿನ ಮೂಲವನ್ನು ಅರಸಿದರೆ ಎದುರಾಗುವವರು ಪ್ಯಾರಿಸ್ ನಗರದ ಒಬ್ಬ ಕಥೋಲಿಕ ಗುರು.

ವಿಶ್ವಾಸಕ್ಕೆ ಕಿವಿಯೊಂದೇ ಬಾಗಿಲೆಂದು ಅನೇಕರು ತಿಳಿದಿದ್ದ 18ನೆಯ ಶತಮಾನವದು. ಗುರು ಶಾರ್ಲ್ ಮಿಶೆಲ್ ದ ಲೆಪೆಯವರು ಕಿವಿ ಕೇಳದ ಇಬ್ಬರು ಸಹೋದರಿಯರನ್ನು ಕಂಡರು. ಇವರಿಗೆ ದೇವರ ವಿಷಯವನ್ನು ತಿಳಿಸುವವರು ಯಾರೆಂಬ ಚಿಂತೆ ಅವರನ್ನು ಕಾಡಿತು. ಬಾಯಿಮಾತನ್ನು ಬಲವಂತವಾಗಿ ಕಲಿಸುವ ಬದಲು, ಅವರು ಕಿವುಡರು ಬಳಸುತ್ತಿದ್ದ ಕೈಸನ್ನೆಗಳನ್ನೇ ಪಾಠದ ಆಧಾರವಾಗಿಸಿಕೊಂಡರು. ಸುಮಾರು 1760ರಲ್ಲಿ ಅವರು ತೆರೆದ ಶಾಲೆಯಲ್ಲಿ ಬಡ ಮಕ್ಕಳಿಗೆ ಶುಲ್ಕವಿರಲಿಲ್ಲ. ಮುಂದೆ ಅದೇ ಶಾಲೆಯಲ್ಲಿ ಕಲಿತು ಶಿಕ್ಷಕರಾದವರು ಕಿವುಡರಾದ ಲೊರಾನ್ ಕ್ಲೆರ್.

ಇತ್ತ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಥಾಮಸ್ ಹಾಪ್ಕಿನ್ಸ್ ಗ್ಯಾಲಡೆಟ್ ಎಂಬ ಪ್ರೊಟೆಸ್ಟೆಂಟ್ ಬೋಧಕರು ನೆರೆಮನೆಯ ಕಿವುಡ ಬಾಲಕಿ ಆಲಿಸ್‌ಳಿಗಾಗಿ ಮರುಗಿದರು. ಶಿಕ್ಷಣಕ್ರಮವನ್ನು ಅರಿಯಲು ಯೂರೋಪಿಗೆ ತೆರಳಿ, 1816ರಲ್ಲಿ ಕ್ಲೆರ್ ಅವರೊಂದಿಗೆ ಹಿಂದಿರುಗಿದರು. 1817ರಲ್ಲಿ ಹಾರ್ಟ್‌ಫರ್ಡಿನಲ್ಲಿ ಕಿವುಡರ ಶಾಲೆ ಆರಂಭವಾಯಿತು. ಅವರ ಮಗ ಎಡ್ವರ್ಡ್ ಮೈನರ್ ಗ್ಯಾಲಡೆಟ್ ವಾಷಿಂಗ್ಟನ್ನಿನಲ್ಲಿ ಕಾಲೇಜು ಶಿಕ್ಷಣಕ್ಕೆ ದಾರಿ ಮಾಡಿದರು. ಅಂತರ್ಯುದ್ಧದ ನಡುವೆಯೂ, 1864ರ ಏಪ್ರಿಲ್‌ನಲ್ಲಿ, ಅಧ್ಯಕ್ಷ ಅಬ್ರಹಾಂ ಲಿಂಕನ್ನರು ಅಲ್ಲಿ ಪದವಿ ನೀಡುವ ಅಧಿಕಾರಕ್ಕೆ ಸಹಿ ಹಾಕಿದರು.

ಆದರೆ 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನವು, ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲಿಯೇ ಕಲಿಸಬೇಕೆಂದು ನಿರ್ಣಯಿಸಿತು. ಎಡ್ವರ್ಡ್ ಗ್ಯಾಲಡೆಟ್ ವಿರೋಧಿಸಿದರೂ ಫಲ ದೊರೆಯಲಿಲ್ಲ. ಹಲವು ದೇಶಗಳ ಶಾಲೆಗಳಿಂದ ಸನ್ನೆಭಾಷೆ ಹೊರದೂಡಲ್ಪಟ್ಟಿತು. ಕಿವುಡರ ಬದುಕನ್ನು ಕುರಿತ ಆ ತೀರ್ಮಾನವನ್ನು ಕೈಗೊಂಡವರು ಬಹುಪಾಲು ಕಿವಿ ಕೇಳುವವರೇ ಆಗಿದ್ದರು.

ಆ ನಿರ್ಣಯದ ನೆರಳು ಹರಡುತ್ತಿದ್ದ ಕಾಲದಲ್ಲಿಯೇ ವಾಷಿಂಗ್ಟನ್ನಿನ ವಿದ್ಯಾರ್ಥಿಗಳು ಫುಟ್‌ಬಾಲ್ ಆಡತೊಡಗಿದ್ದರು. ಇದು ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಗಳ ಸಾಲನ್ನು ಭೇದಿಸುವ ಅಮೆರಿಕದ ಆಟ. ಅಲ್ಲಿ ಪ್ರತಿಯೊಂದು ಮುನ್ನುಗ್ಗುವಿಕೆಯ ಬಳಿಕ ಆಟ ಕ್ಷಣಕಾಲ ನಿಲ್ಲುತ್ತದೆ; ಮುಂದಿನ ತಂತ್ರವನ್ನು ಸಂಗಾತಿಗಳಿಗೆ ತಿಳಿಸುವುದು 'ಕ್ವಾರ್ಟರ್‌ಬ್ಯಾಕ್' ಆಟಗಾರನ ಹೊಣೆ. 1892ರಿಂದ 1895ರವರೆಗೆ ಆ ಸ್ಥಾನದಲ್ಲಿ ಆಡಿದ ಪಾಲ್ ಹಬಾರ್ಡ್ ತಂತ್ರವನ್ನು ಕೈಸನ್ನೆಯಲ್ಲಿ ಹೇಳುತ್ತಿದ್ದನು. ಕಿವಿ ಕೇಳುವ ತಂಡಗಳಿಗೆ ಅದು ಅರ್ಥವಾಗುತ್ತಿರಲಿಲ್ಲ. ಆದರೆ ಎದುರಾಳಿಗಳೂ ಕಿವುಡರಾಗಿದ್ದರೆ? ಮೈದಾನದ ಆಚೆ ಬದಿಯಿಂದಲೇ ಅವರು ಪ್ರತಿಯೊಂದು ಸನ್ನೆಯನ್ನೂ ಓದಿಬಿಡುತ್ತಿದ್ದರು! ಹಬಾರ್ಡ್ ಸಂಗಾತಿಗಳನ್ನು ತನ್ನ ಸುತ್ತಲೂ ಒತ್ತಾಗಿ ನಿಲ್ಲಿಸಿಕೊಂಡನು. ಅವರ ಬೆನ್ನುಗಳೇ ಗೋಡೆಯಾದವು. ಹಡಲ್‌ನ ಕೀರ್ತಿಗೆ ಬೇರೆಯವರೂ ಹಕ್ಕು ಹೇಳಿದ್ದುಂಟು. ಆದರೂ ಅದು ಸಾಮಾನ್ಯವಾಗಿ ಹಬಾರ್ಡನಿಗೇ ಸಲ್ಲುತ್ತದೆ, ವರ್ಷ 1894 ಎನ್ನಲಾಗುತ್ತದೆ. ಮುಂದೆ ಆತನು ಕ್ಯಾನ್ಸಸ್ ರಾಜ್ಯದ ಕಿವುಡರ ಶಾಲೆಯಲ್ಲಿ ಶಿಕ್ಷಕನಾಗಿ, ಅಲ್ಲಿಯ ಮಕ್ಕಳಿಗೂ ಈ ಆಟವನ್ನು ಕಲಿಸಿದನು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿರಿ. ಅರ್ಥವಿಲ್ಲದ ಕೈಚೇಷ್ಟೆಯನ್ನು ಯಾರೂ ಬಚ್ಚಿಡುವುದಿಲ್ಲ. ಗುಟ್ಟನ್ನು ಹೇಳಬಲ್ಲದ್ದು, ಕದ್ದು ಕೇಳಲು ತಕ್ಕದ್ದು ನಿಜವಾದ ಭಾಷೆ ಮಾತ್ರ. ಮಿಲಾನಿನ ಪಂಡಿತರು ಒಪ್ಪದಿದ್ದ ಈ ಸತ್ಯಕ್ಕೆ ಮೈದಾನದ ಹುಡುಗರು ತಮಗರಿವಿಲ್ಲದೆಯೇ ಸಾಕ್ಷಿಯಾದರು. ಅದೇ 1894ರಲ್ಲಿ ಕಾಲೇಜಿನ ಹೆಸರಿನಲ್ಲಿದ್ದ 'ಕಿವುಡ-ಮೂಕ' ಎಂಬ ಪದ ಹೋಗಿ, ಅದು ಗ್ಯಾಲಡೆಟ್ ಕಾಲೇಜಾಯಿತು. ಆದರೂ ಅಲ್ಲಿಗೆ ಕಿವುಡರೊಬ್ಬರು ಅಧ್ಯಕ್ಷರಾಗಲು 1988ರವರೆಗೆ, ವಿದ್ಯಾರ್ಥಿಗಳ ದೊಡ್ಡ ಚಳವಳಿಯ ತನಕ, ಕಾಯಬೇಕಾಯಿತು. ಮಿಲಾನಿನ ನಿರ್ಣಯಗಳನ್ನು ಅದೇ ಸಮ್ಮೇಳನ ಪರಂಪರೆಯು 2010ರಲ್ಲಿ ವ್ಯಾಂಕೂವರಿನಲ್ಲಿ ತಿರಸ್ಕರಿಸಿತು.

ಸಂತ ಮಾರ್ಕರ ಶುಭಸಂದೇಶದ ಏಳನೆಯ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ಓದಿರಿ. ಯೇಸುಸ್ವಾಮಿ ಕಿವುಡನನ್ನು ಜನಸಂದಣಿಯಿಂದ ಆಚೆಗೆ ಕರೆದೊಯ್ಯುತ್ತಾರೆ. ಅವನ ಕಿವಿಯಲ್ಲಿ ಬೆರಳಿಡುತ್ತಾರೆ, ನಾಲಿಗೆಯನ್ನು ಮುಟ್ಟುತ್ತಾರೆ, ಆಕಾಶದತ್ತ ನೋಡುತ್ತಾರೆ. ಗುಣಪಡಿಸುವ ಮೊದಲೇ, ಅವನು ಗ್ರಹಿಸಬಲ್ಲ ರೀತಿಯಲ್ಲಿ ಅವನೊಡನೆ ಮಾತನಾಡುತ್ತಾರೆ. ದ ಲೆಪೆಯವರು ನಡೆದದ್ದೂ ಇದೇ ಹಾದಿಯಲ್ಲಿ.

ನಮ್ಮ ಧರ್ಮಕೇಂದ್ರಗಳ ಹಿಂದಿನ ಸಾಲಿನ ಬೆಂಚಿನಲ್ಲಿ, ಪ್ರಬೋಧನೆಯ ಒಂದು ಪದವೂ ತಲುಪದೆ, ಕುಳಿತು ಎದ್ದು ಹೋಗುವ ಮಗುವೊಂದು ಇರಬಹುದು. ನಮ್ಮ ಮಾತನ್ನು ಕಲಿಯಲು ಆ ಮಗು ಪಡುವ ಶ್ರಮದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ, ಅದರ ಮಾತನ್ನು ಕಲಿಯಲು ನಾವು ಪಟ್ಟಿದ್ದೇವೆಯೇ? ಬಲಿಪೂಜೆಯಲ್ಲಿ ಶಾಂತಿಯನ್ನು ಹಂಚಿಕೊಳ್ಳುವಾಗ ನಾವು ಪರಸ್ಪರ ಕೈಜೋಡಿಸುತ್ತೇವಷ್ಟೆ. ಆ ಗಳಿಗೆಯಲ್ಲಿ ನಮ್ಮ ಕೈಗಳೂ ಮಾತನಾಡುತ್ತವೆ. ಮುಂದಿನ ಭಾನುವಾರ ಆ ಮಗುವಿನ ಕಡೆಗೆ ತಿರುಗಿ, ಅಲ್ಲಿಂದಲೇ ಆರಂಭಿಸೋಣ.