ಸೂರಿನ ಋಣ: ಬೆಳಗಾವಿ–ಖಾನಾಪುರ ಸೀಮೆಯ ಆಶ್ರಯಚರಿತ್ರೆ

ಹಸಿದವನ ಹಸಿವು ಅವನ ಮುಖದಲ್ಲಿ ಕಾಣುತ್ತದೆ. ರೋಗಿಯ ನೋವು ನರಳಿಕೆಯಲ್ಲಿ ಕೇಳಿಸುತ್ತದೆ. ಆದರೆ ಮೂರು ತಿಂಗಳ ಮನೆಬಾಡಿಗೆಯನ್ನು ಬಾಕಿ ಉಳಿಸಿಕೊಂಡ ಗೃಹಸ್ಥನ ಸಂಕಟ ಹೊರಗೆ ಕಾಣುವುದೂ ಇಲ್ಲ, ಕೇಳಿಸುವುದೂ ಇಲ್ಲ. ಅವನು ಎಂದಿನಂತೆ ಮಡಿಬಟ್ಟೆಯುಟ್ಟು ಮಠಕ್ಕೆ ಬರುತ್ತಾನೆ, ಪ್ರಸಾದ ಸ್ವೀಕರಿಸುತ್ತಾನೆ, ಮನೆಯೊಡೆಯನ ಕಣ್ಣಿಗೆ ಬೀಳದಂತೆ ಹಿತ್ತಲ ದಾರಿಯಿಂದ ಮನೆ ಸೇರುತ್ತಾನೆ. ಇಂಥವನಿಗೆ ನಮ್ಮ ಸೀಮೆಯಲ್ಲಿ ಯಾವ ಕಾಲದಲ್ಲಿ ಯಾವ ಆಸರೆಯಿತ್ತು, ಇಂದು ಯಾವುದಿದೆ ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಖಾನಾಪುರ ತಾಲೂಕಿನ ಹಲಸಿ ಒಂದು ಕಾಲಕ್ಕೆ ಪಲಾಶಿಕೆಯೆಂಬ ಹೆಸರಿನಿಂದ ಕದಂಬರ ಎರಡನೆಯ ರಾಜಧಾನಿಯಾಗಿತ್ತು ಎಂಬುದು ಸುವಿದಿತ. ಅಲ್ಲಿ ದೊರೆತ ತಾಮ್ರಪಟಗಳಲ್ಲಿ ರವಿವರ್ಮನ ಕಾಲದ್ದೊಂದು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ಸಂಘದ ತಪಸ್ವಿಗಳ ಪೋಷಣೆ ನಡೆಯಬೇಕೆಂದು ವಿಧಿಸುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆಯನ್ನು ಕಂಡವರಿಗೆ ಈ ವಿಧಿಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಸಂಚಾರ ನಿಲ್ಲುವ, ಭಿಕ್ಷೆ ದುರ್ಲಭವಾಗುವ ಆ ಋತುವಿನಲ್ಲಿ ಯಾರು ಯಾರ ಹೊಣೆ ಹೊರಬೇಕೆಂಬುದನ್ನು ಸುಮಾರು ಸಾವಿರದ ಐನೂರು ವರ್ಷಗಳ ಹಿಂದೆಯೇ ಇಲ್ಲಿ ಲೋಹದ ಮೇಲೆ ಬರೆದಿಟ್ಟರು. ಕೇವಲ ಕರುಣೆಯನ್ನು ನೆಚ್ಚದೆ ಬರೆದಿಟ್ಟರು ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಮುಂದಿನ ಚರಿತ್ರೆಯೆಲ್ಲ ಈ ಒಂದು ಮಾತಿನ ವಿಸ್ತಾರವೇ ಆಗಿದೆ.

ಬೆಳಗಾವಿಯು 1818ರಲ್ಲಿ ಬ್ರಿಟಿಷರ ಕೈಸೇರಿ ದಂಡಿನ ಊರಾಯಿತು. ಕಚೇರಿ, ನ್ಯಾಯಾಲಯ, ಶಾಲೆಗಳು ಬಂದವು. 1880ರ ದಶಕದಲ್ಲಿ ರೈಲು ಬಂದಿತು. ಹಳ್ಳಿಯಲ್ಲಿ ಸ್ವಂತ ಸೂರಿದ್ದವರು ನಗರದಲ್ಲಿ ಪರರ ಸೂರಿನ ಕೆಳಗೆ ನಿಂತರು. ಅವರಲ್ಲಿ ಮೊದಲು ಸಮಾಜದ ಕಣ್ಣಿಗೆ ಬಿದ್ದವನು ವಿದ್ಯಾರ್ಥಿ. ತ್ಯಾಗವೀರ ಶಿರಸಂಗಿ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಸಂಸ್ಥಾನದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ವಿದ್ಯೆಗೆ ಮೀಸಲಿಟ್ಟರು. ನಾಗನೂರು ರುದ್ರಾಕ್ಷಿಮಠದ ಪೂಜ್ಯ ಶಿವಬಸವ ಸ್ವಾಮಿಗಳು 1932ರಲ್ಲಿ ಬೆಳಗಾವಿಯಲ್ಲಿ ಉಚಿತ ಪ್ರಸಾದನಿಲಯವನ್ನು ತೆರೆದರು. ಬುತ್ತಿಗಂಟು ಕಟ್ಟಿಕೊಂಡು ಬಂದ ಬಡ ಮಕ್ಕಳು ಅಲ್ಲಿ ಉಂಡು, ಮಲಗಿ, ಓದಿ ಬಾಳು ಕಟ್ಟಿಕೊಂಡರು. ಇಂದು ನಗರದ ಒಂದು ಬಡಾವಣೆಯೇ ಆ ಪೂಜ್ಯರ ಹೆಸರನ್ನು ಧರಿಸಿದೆ.

ಆದರೆ ಒಂದು ಸತ್ಯವನ್ನು ಹೇಳದೆ ಹೋಗಲಾಗದು. ನಮ್ಮ ಮಠಗಳ ಆಶ್ರಯ ಯಾತ್ರಿಕನಿಗಿತ್ತು, ಜಂಗಮನಿಗಿತ್ತು, ವಿದ್ಯಾರ್ಥಿಗಿತ್ತು. ಹೆಂಡತಿ ಮಕ್ಕಳೊಡನೆ ಬಾಡಿಗೆಯ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದವನು ಈ ಗಣನೆಯಲ್ಲಿ ಬರಲಿಲ್ಲ. ಪ್ರಸಾದನಿಲಯದಲ್ಲಿ ಬೆಳೆದ ಬಾಲಕ ಗೃಹಸ್ಥನಾಗಿ ಶಹಾಪುರದಲ್ಲೋ ವಡಗಾವಿಯಲ್ಲೋ ಮಗ್ಗದ ಮನೆಗೆ ಬಾಡಿಗೆ ತೆರಲಾರದೆ ನಿಂತಾಗ ಅವನ ಹೆಸರನ್ನು ಬರೆದುಕೊಳ್ಳುವ ಪುಸ್ತಕ ಯಾವ ಮಠದಲ್ಲಿತ್ತು?

ಆ ಗೃಹಸ್ಥನ ಕಡೆಗೆ ಮೊದಲು ನೋಡಿದ್ದು ರಾಜ್ಯಶಾಸನ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ ಬಂದ 1947ರ ಬಾಡಿಗೆ ಕಾಯಿದೆ, ಬಾಕಿಗಾಗಿ ಲಿಖಿತ ನೋಟೀಸು ಕೊಟ್ಟು ಒಂದು ತಿಂಗಳು ಕಳೆಯುವವರೆಗೆ ದಾವೆ ಹೂಡಕೂಡದೆಂದಿತು. ಏಕೀಕರಣದ ತರುವಾಯ ಬಂದ 1961ರ ಮೈಸೂರು ಬಾಡಿಗೆ ನಿಯಂತ್ರಣ ಕಾಯಿದೆ ಆ ಒಂದು ತಿಂಗಳನ್ನು ಎರಡು ಮಾಡಿತು. 2001ರ ಡಿಸೆಂಬರ್ 31ರಂದು ಜಾರಿಗೆ ಬಂದ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಸಹ ಎರಡು ತಿಂಗಳ ಅವಧಿಯನ್ನು ಉಳಿಸಿಕೊಂಡಿತು. ಆದರೆ ಅನುಸೂಚಿಯಲ್ಲಿ ಹೆಸರಿಸಿದ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯಿಸದು. ಇಂದಿನ ಬಾಡಿಗೆಗಳನ್ನು ಬಲ್ಲವರಿಗೆ ಎಷ್ಟು ಮನೆಗಳು ಅದರ ಹೊರಗೆ ಉಳಿದಿವೆ ಎಂಬುದು ತಾನೇ ತಿಳಿದೀತು. ಅಂಥ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಅಧಿನಿಯಮವೇ ಗತಿ. ಅದರಲ್ಲಿ ತಿಂಗಳ ಬಾಡಿಗೆದಾರನಿಗೆ ಹದಿನೈದು ದಿನಗಳ ನೋಟೀಸು ಸಾಕು. ಬಾಡಿಗೆ ಕೊಡದುದರಿಂದಲೇ ಹಕ್ಕು ರದ್ದಾಯಿತೆಂದು ದಾವೆ ಬಂದಿದ್ದರೆ, ವಿಚಾರಣೆಯ ವೇಳೆಗೆ ಬಾಕಿ, ಬಡ್ಡಿ, ವೆಚ್ಚಗಳನ್ನು ಸಲ್ಲಿಸಿದವನನ್ನು ಉಳಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ನ್ಯಾಯಾಲಯದ ಆದೇಶವಿಲ್ಲದೆ ಸಾಮಾನನ್ನು ಬೀದಿಗೆಸೆದು ಬೀಗ ಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮ ಅವಕಾಶ ಕೊಟ್ಟಿದೆ.

ಕಾಯಿದೆ ಕಾಲಾವಕಾಶ ಕೊಟ್ಟೀತು, ಹಣ ಕೊಡಲಾರದು. ರಾಜ್ಯವು ಬಾಡಿಗೆಯ ಹೆಸರಿನಲ್ಲೇ ಹಣ ಕೊಟ್ಟುದಕ್ಕೆ ನಿದರ್ಶನ 2019ರ ಆಗಸ್ಟ್ ಪ್ರವಾಹ. ಆಗ ಸಂತ್ರಸ್ತ ಕುಟುಂಬಕ್ಕೆ ತಕ್ಷಣದ ನೆರವಾಗಿ 10,000 ರೂಪಾಯಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಮನೆ ಕಟ್ಟುವವರೆಗೆ ಬಾಡಿಗೆಗೆಂದು ತಿಂಗಳಿಗೆ 5,000 ರೂಪಾಯಿಯಂತೆ ಹತ್ತು ತಿಂಗಳು ಕೊಡುವುದೆಂದು ಸರಕಾರ ಸಾರಿತು. ಆದರೆ ಮನೆ ಕಟ್ಟುವ ನೆರವು ಸ್ವಭಾವತಃ ಮನೆಯ ಒಡೆಯನಿಗೆ ಸಲ್ಲತಕ್ಕದ್ದು. ಕರಾರುಪತ್ರವಿಲ್ಲದೆ, ರಶೀದಿಯಿಲ್ಲದೆ, ಪಡಿತರ ಚೀಟಿಯಲ್ಲಿ ಬೇರೆಯೇ ಊರಿನ ವಿಳಾಸವಿಟ್ಟುಕೊಂಡು ಬಾಳುವ ಬಾಡಿಗೆದಾರ ತಾನು ಅಲ್ಲಿ ವಾಸವಿದ್ದೆನೆಂಬುದನ್ನೇ ಸಿದ್ಧಮಾಡಿ ತೋರಿಸಬೇಕಾಗುತ್ತದೆ. ಮರುವರ್ಷ ಕೋವಿಡ್ ಬಂದಿತು. 2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ, ಕಾರ್ಮಿಕರಿಂದ ಒಂದು ತಿಂಗಳ ಬಾಡಿಗೆಯನ್ನು ಕೇಳಕೂಡದೆಂದು ಆದೇಶಿಸಿತು. ರಾಜ್ಯ ಸರಕಾರ ಕಟ್ಟಡ ಕಾರ್ಮಿಕರಿಗೆ ಒಟ್ಟು 5,000 ರೂಪಾಯಿ, ಕೈಮಗ್ಗದ ನೇಕಾರರಿಗೆ 2,000 ರೂಪಾಯಿ ಘೋಷಿಸಿತು. ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡ ಕಾರ್ಮಿಕನ ಖಾತೆಗೆ ಹಣ ಬಂದಿತು. ಪಕ್ಕದಲ್ಲೇ ಕಲ್ಲು ಹೊತ್ತು ಹೆಸರು ಬರೆಸದವನು ಕಾಯುತ್ತ ಕುಳಿತನು.

ಇಲ್ಲಿ ಹಲಸಿಯ ತಾಮ್ರಪಟವನ್ನು ಮತ್ತೆ ನೆನೆಯಬೇಕು. ದಾನಶಾಸನವಿರಲಿ, ಮೃತ್ಯುಪತ್ರವಿರಲಿ, ಸರಕಾರದ ಯಾದಿಯಿರಲಿ, ನೆರವು ಯಾವಾಗಲೂ ಬರೆದಿಟ್ಟ ಹೆಸರನ್ನು ಹುಡುಕಿಕೊಂಡು ಬಂದಿದೆ. ಬಾಡಿಗೆ ಬಾಕಿಯುಳ್ಳವನು ಮಾಡುವ ಮೊದಲ ಕೆಲಸವಾದರೋ ತನ್ನ ಹೆಸರನ್ನು ಮರೆಮಾಡುವುದು. ಅವನನ್ನು ಕೆಡಿಸುವುದು ಬಡತನಕ್ಕಿಂತ ಹೆಚ್ಚಾಗಿ ಈ ಲಜ್ಜೆ.

ಆದಕಾರಣ ಸಂಕಟದಲ್ಲಿರುವ ಭಕ್ತರಿಗೆ ನಮ್ಮ ಸೂಚನೆ ಇಷ್ಟು. ನೋಟೀಸು ಬಂದ ದಿನವೇ ಅದರ ತಾರೀಖನ್ನು ಗುರುತಿಸಿರಿ, ಮಡಚಿ ಮಾಡದಲ್ಲಿಡಬೇಡಿರಿ. ಒಂದು ಪಾಲನ್ನಾದರೂ ಬ್ಯಾಂಕಿನ ಮೂಲಕ ಸಂದಾಯ ಮಾಡಿ ಗುರುತು ಉಳಿಸಿಕೊಳ್ಳಿರಿ. ಬೆಳಗಾವಿಯವರು ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೂ, ಖಾನಾಪುರದವರು ತಾಲೂಕು ಕಾನೂನು ಸೇವಾ ಸಮಿತಿಗೂ ಹೋಗಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಸ್ತ್ರೀಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ, ಪ್ರವಾಹಾದಿ ವಿಪತ್ತಿಗೆ ಸಿಕ್ಕವರಿಗೆ ಮತ್ತು ಅಲ್ಪ ಆದಾಯದವರಿಗೆ ವಕೀಲರ ನೆರವು ಉಚಿತ. ದೂರವಾಣಿ ಸಂಖ್ಯೆ 15100. ಲೋಕ ಅದಾಲತ್ತಿನಲ್ಲಿ ಬಾಕಿಯನ್ನು ಕಂತಾಗಿ ತೀರಿಸಲು ಉಭಯತರ ಒಪ್ಪಿಗೆ ಸಾಧ್ಯ, ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ.

ಪತಿಯ ದೌರ್ಜನ್ಯದಿಂದ ಮನೆ ತೊರೆಯಬೇಕಾದ ತಾಯಂದಿರು ಒಂದು ಮಾತನ್ನು ವಿಶೇಷವಾಗಿ ಅರಿಯಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಅಧಿನಿಯಮ ಅವರಿಗೆ ವಾಸದ ಹಕ್ಕನ್ನು ಕೊಟ್ಟಿದೆ. ಬೇರೆ ಮನೆಯ ಬಾಡಿಗೆಯನ್ನು ಪತಿಯೇ ತೆರಬೇಕೆಂದು ನ್ಯಾಯಾಲಯ ಆದೇಶಿಸಬಹುದು. ಮಹಿಳಾ ಸಹಾಯವಾಣಿ 181. ಸಖಿ ಕೇಂದ್ರದಲ್ಲಿ ಕೆಲವು ದಿನಗಳ ತಂಗುವಿಕೆಗೂ ಅವಕಾಶವುಂಟು.

ಬಾಡಿಗೆಯ ಭಾರ ಇಳಿಯಲು ಇತರ ವೆಚ್ಚ ಇಳಿಯುವುದೂ ಒಂದು ದಾರಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಮನೆಯೊಡೆಯನಿಗೆ ಮಾತ್ರವಲ್ಲ, ಬಾಡಿಗೆದಾರನಿಗೂ ಸಲ್ಲುತ್ತದೆ. ಆದರೆ ಅಲ್ಲಿಯೂ ಹೆಸರು ನೋಂದಾಯಿಸಬೇಕು. ಸಾಲ ಅನಿವಾರ್ಯವಾದರೆ ಸ್ತ್ರೀಶಕ್ತಿ ಸಂಘ ಅಥವಾ ಸಹಕಾರಿ ಸಂಘದ ಕಡೆಗೆ ಮೊದಲು ನೋಡಿರಿ. ವಾರದ ಕಂತಿನ ಸಾಲದಿಂದ ತಿಂಗಳ ಬಾಡಿಗೆ ತೀರಿಸುವುದು ಬಾವಿಯಿಂದೆದ್ದು ಕೆರೆಗೆ ಬಿದ್ದಂತೆ. ಕಿರುಸಾಲದವರ ಬಲವಂತದ ವಸೂಲಿಯನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯವು ಸುಗ್ರೀವಾಜ್ಞೆ ಹೊರಡಿಸಬೇಕಾಗಿ ಬಂದುದನ್ನು ಮರೆಯಬಾರದು.

ಮನೆಯೊಡೆಯರಿಗೂ ಎರಡು ಮಾತು. ನಿಮ್ಮಲ್ಲಿ ಹಲವರು ನಿವೃತ್ತ ಶಿಕ್ಷಕರು, ವಿಧವೆಯರು. ಬಾಡಿಗೆಯಿಂದಲೇ ನಿಮ್ಮ ಒಲೆ ಉರಿಯುತ್ತದೆಂಬುದನ್ನು ಬಲ್ಲೆವು. ನಿಮ್ಮ ಹಕ್ಕನ್ನು ಬಿಡಿರೆಂದು ಯಾರೂ ಹೇಳಲಾರರು. ಪಡೆದ ಹಣಕ್ಕೆ ರಶೀದಿ ಕೊಡಿರಿ, ಹೊರಡಿಸುವ ಮುನ್ನ ಕಂತಿನ ಮಾತನಾಡಿರಿ. ನೀವು ಕೊಟ್ಟ ಚೀಟಿಯೇ ಆ ಕುಟುಂಬಕ್ಕೆ ನಾಳೆ ಬೇರೆಡೆಯಿಂದ ನೆರವು ದೊರಕಿಸೀತು, ಆ ನೆರವಿನಿಂದಲೇ ನಿಮ್ಮ ಬಾಕಿಯೂ ತೀರೀತು.

ಕಡೆಯದಾಗಿ, ಪ್ರಸಾದನಿಲಯಗಳಲ್ಲಿ ಉಂಡು ಬೆಳೆದ ಹಳೆಯ ವಿದ್ಯಾರ್ಥಿಗಳೇ, ನಿಮ್ಮನ್ನು ಕುರಿತು ಹೇಳಬೇಕಾದುದಿದೆ. ಮಲಗಲು ನಿಮಗೆ ದೊರೆತ ಆ ಎರಡು ಮೊಳದ ಜಾಗಕ್ಕೆ ಯಾರೋ ಬಾಡಿಗೆ ತೆತ್ತಿದ್ದರು. ಆ ಋಣ ಪುತ್ಥಳಿಯಿಂದ, ಮಹಾದ್ವಾರದ ಮೇಲಿನ ಹೆಸರಿನಿಂದ ತೀರುವಂಥದಲ್ಲ. ಪ್ರತಿ ಊರಿನ ಹಳೆಯ ವಿದ್ಯಾರ್ಥಿ ಬಳಗ ಒಂದು ಸಣ್ಣ ನಿಧಿಯನ್ನೂ ಒಂದು ಪುಸ್ತಕವನ್ನೂ ಇಡಬಾರದೇಕೆ? ನೋಟೀಸನ್ನು ನೋಡಿ, ಮನೆಯೊಡೆಯನ ಖಾತೆಗೇ ಒಂದೆರಡು ತಿಂಗಳ ಹಣ ಸಲ್ಲಿಸಿ, ಕುಟುಂಬವನ್ನು ಕಾನೂನು ಸೇವಾ ಸಮಿತಿಯವರೆಗೆ ಕೈಹಿಡಿದು ಕರೆದೊಯ್ಯುವ ಇಬ್ಬರು ಸಾಕು. ಜಾತಿ ಮತಗಳನ್ನು ಕೇಳಬೇಕಿಲ್ಲ. ಪಡೆದವನ ಹೆಸರು ಆ ಪುಸ್ತಕದಲ್ಲಿರಲಿ, ಸಭೆಯಲ್ಲಿ ಮಾತ್ರ ಎಂದೂ ಕೇಳಿಬರದಿರಲಿ.

ಜೂನ್ ತಿಂಗಳು ಬಂದರೆ ಖಾನಾಪುರದ ಕಾಡಿನ ಮೇಲೆ ಮೋಡ ಕವಿಯುತ್ತದೆ. ಅದಕ್ಕೆ ಮುಂಚೆಯೇ ಹಂಚು ಸರಿಪಡಿಸುವುದು ನಮ್ಮ ಸೀಮೆಯವರ ವಾಡಿಕೆ. ಈ ಪುಸ್ತಕವನ್ನೂ ಆ ವೇಳೆಗೇ ತೆರೆದಿಡುವುದು ಒಳಿತು.